ವಾರಕ್ಕೊಂದು ಮಾತ್ರೆಯ ಹಿಂದಿನ ಮನುಷ್ಯ: ಯಲ್ಲಾಪ್ರಗಡ ಸುಬ್ಬರಾಯರು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನೇ ಬರೆದರಾಯಿತು ಎಂದುಕೊಂಡಿದ್ದೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ನಾಲ್ಕೈದು ಜನ ಇದ್ದಾರೆ. ಹಾಗಾಗಿ ಎರಡು ವರ್ಷದ ಹಿಂದೆ ತುಮಕೂರಿನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಮೊದಲ ಬಾರಿಗೆ ಓದಿ ತಿಳಿದುಕೊಂಡ ಒಬ್ಬ ದೊಡ್ಡ ಮನುಷ್ಯರ ಬಗ್ಗೆ ಬರೆಯುತ್ತೇನೆ.

ಕುಣಿಗಲ್ಲಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಕೀಲುವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ತುಮಕೂರಿನ ಡಾಕ್ಟರು ಎರಡು ಮಾತ್ರೆ ಬರೆದುಕೊಟ್ಟರು. ಒಂದು ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದು ದಿನ ಮಾತ್ರ. ಇನ್ನೊಂದು ಫೋಲಿಕ್ ಆಮ್ಲ, ಉಳಿದ ದಿನಗಳಿಗೆ. ಎರಡೂ ಸಣ್ಣ ಹಳದಿ ಮಾತ್ರೆಗಳು. ಚೀಟಿ ಇಂಗ್ಲಿಷಿನಲ್ಲಿತ್ತು, ದೊಡ್ಡಮ್ಮ ಓದಿದ್ದು ಕನ್ನಡದ ನಾಲ್ಕನೇ ಕ್ಲಾಸು. ಅದಲು ಬದಲಾಯಿತು. ವಾರದ ಮಾತ್ರೆಯನ್ನು ದಿನವೂ ನುಂಗಿದರು. ವಾರ ಕಳೆಯುವಷ್ಟರಲ್ಲಿ ಬಾಯಿತುಂಬ ಹುಣ್ಣು, ಜ್ವರ. ಮುದ್ದೆ ಹಾಗಿರಲಿ, ನೀರೂ ಇಳಿಯದು. ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣಗಳು ತೀರಾ ಇಳಿದಿದ್ದವು. ನಾನು ಬೆಂಗಳೂರಿನಿಂದ ಓಡಿ ಬಂದೆ. ಡಾಕ್ಟರು ಒಂದು ಇಂಜೆಕ್ಷನ್ ಶುರುಮಾಡಿ, ಇದು ಫೋಲಿಕ್ ಆಮ್ಲದ ಅಣ್ಣತಮ್ಮನಂಥದ್ದು ಎಂದರು. ಆ ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಓದುತ್ತಾ ಹೋದೆ. ಅತ್ತ ಮೆಥೊಟ್ರೆಕ್ಸೇಟಿನ ಹಿಂದೆಯೂ ಇತ್ತ ಫೋಲಿಕ್ ಆಮ್ಲದ ಹಿಂದೆಯೂ ಒಂದೇ ಹೆಸರು ಸಿಕ್ಕಿತು.

ಯಲ್ಲಾಪ್ರಗಡ ಸುಬ್ಬರಾಯರು ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮವರದಲ್ಲಿ. ತಂದೆಗೆ ಕಂದಾಯ ಇಲಾಖೆಯಲ್ಲಿ ಕೆಲಸವಿತ್ತು. ಆರೋಗ್ಯ ಕೆಟ್ಟು ಬೇಗ ಮನೆ ಸೇರಿದರು. ಮನೆತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ಹದಿಮೂರರ ಆಸುಪಾಸಿನಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಮನೆಬಿಟ್ಟು ಓಡಿದ. ದಾರಿಯಲ್ಲೇ ಹಿಡಿದು ತಂದರು. ಮೆಟ್ರಿಕ್ಯುಲೇಷನ್ನಿನಲ್ಲಿ ಎರಡು ಸಲ ಫೇಲಾದ. ತಾಯಿ ತಮ್ಮ ಮಾಂಗಲ್ಯವನ್ನೇ ಮಾರಿ ಮದ್ರಾಸಿನ ಹಿಂದೂ ಹೈಸ್ಕೂಲಿಗೆ ಕಳುಹಿಸಿದರು. ಮೂರನೇ ಸಲಕ್ಕೆ ಪಾಸು. ನಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು, ಮತ್ತೆ ಪರೀಕ್ಷೆ ಕಟ್ಟದೆ ಗುಬ್ಬಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ನಿಂತ ಗೆಳೆಯರ ಮುಖ ನನಗೆ ಇಲ್ಲಿ ನೆನಪಾಗುತ್ತದೆ. ಅವರ ಮನೆಯವರಿಗೆ ಮಾರಲು ಮಾಂಗಲ್ಯವೂ ಇತ್ತೋ ಇಲ್ಲವೋ.

ಮುಂದೆ ಸುಬ್ಬರಾಯರಿಗೆ ಸನ್ಯಾಸಿಯಾಗುವ ಹಂಬಲ. ರಾಮಕೃಷ್ಣ ಮಿಷನ್ನಿನವರು ತಾಯಿಯ ಒಪ್ಪಿಗೆ ಬೇಕೆಂದರು, ತಾಯಿ ಒಪ್ಪಲಿಲ್ಲ. ಆಮೇಲೆ ಸೇರಿದ್ದು ಮದ್ರಾಸ್ ಮೆಡಿಕಲ್ ಕಾಲೇಜಿಗೆ. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಸರ್ಜರಿ ಉಡುಪು ತೊಟ್ಟು ಬಂದದ್ದು ಇಂಗ್ಲಿಷ್ ಪ್ರೊಫೆಸರರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸಿಕ್ಕಿತು. ಹೊಟ್ಟೆಪಾಡಿಗೆ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು. ಆ ಕಾಲದಲ್ಲೇ ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ನಿಲ್ಲದ ಭೇದಿ, ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತ ಬತ್ತುತ್ತದೆ. ಆಗ ಅದಕ್ಕೆ ಮದ್ದಿರಲಿಲ್ಲ.

ಮಾವನವರ ಹಣದ ನೆರವಿನಿಂದ 1922ರ ಅಕ್ಟೋಬರಿನಲ್ಲಿ ಅವರು ಅಮೆರಿಕದ ಬಾಸ್ಟನ್ ತಲುಪಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಬಗ್ಗೆ ಓದುತ್ತಾ, ಖರ್ಚಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಪೋರ್ಟರ್ ಆದರು. ನಮ್ಮ ಊರಿನ ಆಸ್ಪತ್ರೆಗಳಲ್ಲಿ ವಾರ್ಡ್ ಬಾಯ್ ಅನ್ನುತ್ತೇವಲ್ಲ, ಆ ಕೆಲಸ. ಮೂರು ವರ್ಷದಲ್ಲಿ ಹಿಂದಿರುಗುತ್ತೇನೆ ಎಂದು ಹೆಂಡತಿ ಶೇಷಗಿರಿಯವರಿಗೆ ಮಾತು ಕೊಟ್ಟಿದ್ದರು. ಹಿಂದಿರುಗಲೇ ಇಲ್ಲ. ಅವರು ಹೋದ ಮೇಲೆ ಹುಟ್ಟಿದ ಮಗು ವರ್ಷ ತುಂಬುವ ಮೊದಲೇ ಕಣ್ಮುಚ್ಚಿತು. ಅಪ್ಪ ಮಗನ ಮುಖ ನೋಡಲಿಲ್ಲ. ಗಂಡಹೆಂಡಿರು ಮತ್ತೆ ಒಬ್ಬರನ್ನೊಬ್ಬರು ಕಾಣಲಿಲ್ಲ. ದೊಡ್ಡವರ ಚರಿತ್ರೆ ಬರೆಯುವಾಗ ಇಂಥದ್ದನ್ನು ತ್ಯಾಗ ಎಂದು ಒಂದೇ ಸಾಲಿನಲ್ಲಿ ದಾಟಿಬಿಡುವ ರೂಢಿಯಿದೆ. ಆ ತ್ಯಾಗ ಯಾರದ್ದು ಎಂದು ನನಗೆ ಅನ್ನಿಸುತ್ತದೆ. ಊರುಬಿಟ್ಟು ಕಂಪ್ಯೂಟರ್ ಮುಂದೆ ಕೂತ ನಮ್ಮಂಥವರು ಈ ಭಾಗವನ್ನು ನಿಧಾನವಾಗಿ ಓದಿಕೊಳ್ಳಬೇಕು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಎಂಬುವರ ಜೊತೆ ಸೇರಿ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. 1925ರಲ್ಲಿ ಪ್ರಕಟವಾದ ಆ ವಿಧಾನಕ್ಕೆ ಇಂದಿಗೂ ಇಬ್ಬರ ಹೆಸರಿದೆ. ಸ್ನಾಯುವಿನ ಫಾಸ್ಫೊಕ್ರಿಯಾಟಿನ್, ಆಮೇಲೆ ಜೀವಕೋಶದ ಶಕ್ತಿಯ ನಾಣ್ಯವಾದ ಎ.ಟಿ.ಪಿ. ಇವರ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂದವು, ಎ.ಟಿ.ಪಿ.ಯನ್ನು ಅದೇ 1929ರಲ್ಲಿ ಜರ್ಮನಿಯ ಲೋಮನ್ ಕೂಡ ಕಂಡುಹಿಡಿದರು. ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಎಂಬ ಔಷಧ ಕಂಪನಿ ಸೇರಿ, ಸ್ವಲ್ಪ ಕಾಲದಲ್ಲೇ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು.

ಇಲ್ಲಿ ಔಷಧ ಮೈಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ನಮ್ಮ ಜೀವಕೋಶಗಳಲ್ಲಿ ಬೀಗದಂಥ ರಚನೆಗಳಿವೆ; ರಿಸೆಪ್ಟರ್ ಅನ್ನುತ್ತಾರೆ, ಪಠ್ಯಪುಸ್ತಕದ ಕನ್ನಡದಲ್ಲಿ ಗ್ರಾಹಕ. ಇಂಗ್ಲೆಂಡಿನ ಲ್ಯಾಂಗ್ಲಿ, ಜರ್ಮನಿಯ ಪಾಲ್ ಎರ್ಲಿಕ್ ನೂರಿಪ್ಪತ್ತು ವರ್ಷದ ಹಿಂದೆಯೇ ಇದನ್ನು ಊಹಿಸಿದ್ದರು. ತೋಟದ ದಾರಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ಎದೆ ಡವಡವ ಅನ್ನುತ್ತದಲ್ಲ, ಅದು ಅಡ್ರಿನಲಿನ್ ಎಂಬ ಬೀಗದಕೈ ಹೃದಯದ ಬೀಗದಲ್ಲಿ ತಿರುಗಿದ್ದರಿಂದ. ಬಿ.ಪಿ.ಗೆ ಕೊಡುವ ಅಟೆನೊಲಾಲ್ ಮಾತ್ರೆ ಅದೇ ಬೀಗದಲ್ಲಿ ಹೋಗಿ ಕೂರುತ್ತದೆ, ಆದರೆ ತಿರುಗುವುದಿಲ್ಲ. ಅಡ್ರಿನಲಿನ್ನಿಗೆ ಜಾಗ ಸಿಗದೆ ಹೃದಯ ನಿಧಾನಿಸುತ್ತದೆ. ಉಬ್ಬಸದವರು ಬಾಯಿಗೆ ಒತ್ತಿಕೊಳ್ಳುವ ಸಾಲ್‌ಬ್ಯುಟಮಾಲ್ ಇದಕ್ಕೆ ತದ್ವಿರುದ್ಧ. ಅದು ಶ್ವಾಸನಾಳದಲ್ಲಿರುವ ಅದೇ ಕುಲದ ಬೀಗವನ್ನು ತಿರುಗಿಸಿ ದಾರಿ ಅಗಲ ಮಾಡುತ್ತದೆ. ಉಬ್ಬಸವಿರುವವರಿಗೆ ಅಟೆನೊಲಾಲ್ ಜಾತಿಯ ಮಾತ್ರೆ ಕೊಡಲು ಡಾಕ್ಟರು ಹಿಂದೆಮುಂದೆ ನೋಡುವುದು ಇದಕ್ಕೇ. ಒಬ್ಬರ ಮಾತ್ರೆ ಇನ್ನೊಬ್ಬರು ಇಸಿದುಕೊಂಡು ನುಂಗುವ ನಮ್ಮ ಊರಿನ ಅಭ್ಯಾಸಕ್ಕೂ ಈ ಮಾತು ಅನ್ವಯಿಸುತ್ತದೆ.

ಸುಬ್ಬರಾಯರ ತಂಡ ಹಿಡಿದ ಬೀಗ ಗ್ರಾಹಕವಲ್ಲ, ಕಿಣ್ವ. ಆದರೆ ಲೆಕ್ಕ ಅದೇ. ಫೋಲಿಕ್ ಆಮ್ಲವಿಲ್ಲದೆ ಹೊಸ ಜೀವಕೋಶ ಹುಟ್ಟಲಾರದು. ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಯಲ್ಲೇ ಕಂಡಿದ್ದರು. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಅದರ ಸಾರ ತೆಗೆದರು. ಎಲೆ ಎಂಬ ಲ್ಯಾಟಿನ್ ಪದದಿಂದ ಫೋಲಿಕ್ ಎಂಬ ಹೆಸರು ಬಂತು. ಬಸ್ಸಾರಿನ ಸೊಪ್ಪಿನಲ್ಲೂ ಇರುವುದು ಅದೇ. ಸುಬ್ಬರಾಯರ ತಂಡ ಅದನ್ನು ಪಿತ್ತಜನಕಾಂಗದಿಂದ ಶುದ್ಧ ರೂಪದಲ್ಲಿ ಬೇರ್ಪಡಿಸಿ, 1945ರ ಹೊತ್ತಿಗೆ ಪ್ರಯೋಗಾಲಯದಲ್ಲೇ ತಯಾರಿಸಿತು. ಅಣ್ಣತಮ್ಮಂದಿರನ್ನು ಕೊಂದ ಸ್ಪ್ರೂ ಕಾಯಿಲೆಗೆ ಕೊನೆಗೂ ಒಂದು ಮದ್ದು ಸಿಕ್ಕಿತು.

ಬಾಸ್ಟನ್ನಿನ ಮಕ್ಕಳ ಡಾಕ್ಟರ್ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ಮದ್ದು ಕೊಟ್ಟಾಗ ಕಾಯಿಲೆ ಇನ್ನೂ ಜೋರಾದಂತೆ ಕಂಡಿತು. ಹಾಗಾದರೆ ಅದಕ್ಕೆ ಅಡ್ಡಗಾಲು ಹಾಕಿದರೆ? ಸುಬ್ಬರಾಯರ ಪ್ರಯೋಗಾಲಯ ನಕಲಿ ಬೀಗದಕೈಯನ್ನು ಮಾಡಿಕೊಟ್ಟಿತು. ಅದೇ ಅಮಿನೊಪ್ಟೆರಿನ್. ನೋಡಲು ಫೋಲಿಕ್ ಆಮ್ಲದಂತೆಯೇ ಇದ್ದು, ಕಿಣ್ವದಲ್ಲಿ ಅಸಲಿಗಿಂತ ಬಿಗಿಯಾಗಿ ಕೂತುಬಿಡುತ್ತದೆ. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟಿಸಿದರು: ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡಿದ್ದರು. ಆ ಚೇತರಿಕೆ ಬಹುಕಾಲ ಉಳಿಯಲಿಲ್ಲ. ಆದರೂ ಔಷಧದಿಂದ ರಕ್ತದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದು ಎಂದು ಗೊತ್ತಾದದ್ದು ಆಗಲೇ. ಅದರ ತಮ್ಮನೇ ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ಸಣ್ಣ ಪ್ರಮಾಣದಲ್ಲಿ ಕೊಡಲು ಅಮೆರಿಕದಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ.

ಬೇಗ ಬೇಗ ಹುಟ್ಟುವ ಜೀವಕೋಶಗಳಿಗೇ ಇದರ ಪೆಟ್ಟು ಮೊದಲು. ಬಾಯಿಯ ಒಳಪೊರೆ, ಮೂಳೆಯ ಮಜ್ಜೆ ಅಂಥವು. ದೊಡ್ಡಮ್ಮನ ಹುಣ್ಣು, ಇಳಿದ ಬಿಳಿಕಣ ಎರಡಕ್ಕೂ ಕಾರಣ ಇದೇ. ಕಿಣ್ವದ ಬೀಗ ಮುಚ್ಚಿಹೋದ ಮೇಲೆ ಬರೀ ಫೋಲಿಕ್ ಆಮ್ಲ ಸಾಲದು, ಏಕೆಂದರೆ ಅದೂ ಆ ಬಾಗಿಲಿನಿಂದಲೇ ಹಾಯಬೇಕು. ಅವರಿಗೆ ಕೊಟ್ಟ ಇಂಜೆಕ್ಷನ್ ಫೋಲಿನಿಕ್ ಆಮ್ಲ. ಅದು ಆಗಲೇ ಬಾಗಿಲು ದಾಟಿದ ರೂಪದಲ್ಲಿರುತ್ತದೆ.

ಆನೆಕಾಲು ರೋಗಕ್ಕೆ ನಮ್ಮ ಕರಾವಳಿಯಲ್ಲಿ, ಕಲಬುರಗಿ ಕಡೆ ಮನೆಮನೆಗೆ ಬಂದು ನುಂಗಿಸಿದ ಡಿ.ಇ.ಸಿ. ಮಾತ್ರೆಯೂ ಸುಬ್ಬರಾಯರ ಪ್ರಯೋಗಾಲಯದ್ದೇ. ಫಾರ್ಬರರ ವರದಿ ಬಂದ ಎರಡು ತಿಂಗಳಿಗೆ, 1948ರ ಆಗಸ್ಟಿನಲ್ಲಿ, ಒಂದು ರಾತ್ರಿ ನಿದ್ದೆಯಲ್ಲೇ ಅವರ ಹೃದಯ ನಿಂತಿತು. 53 ವರ್ಷ. ಭಾರತ ಸರ್ಕಾರ 1995ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು.

ದೊಡ್ಡಮ್ಮ ಹನ್ನೊಂದನೇ ದಿನ ಮನೆಗೆ ಬಂದರು. ಕೆಲ ತಿಂಗಳ ನಂತರ ಡಾಕ್ಟರು ಅದೇ ಮಾತ್ರೆಯನ್ನು ಮತ್ತೆ ಶುರುಮಾಡಿದರು. ಬೇಡ ಎಂದು ನಾವೆಲ್ಲ ಹೆದರಿದೆವು; ದೊಡ್ಡಮ್ಮನೇ ಬೆರಳು ಮಡಚಿ ತೋರಿಸಿ ಒಪ್ಪಿಕೊಂಡರು. ಈಗ ವಾರದ ಮಾತ್ರೆ ಅಡುಗೆಮನೆಯಲ್ಲಿಲ್ಲ, ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ. ಡಬ್ಬಿಯ ಮೇಲೆ ಭಾನುವಾರ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ, ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದವಳು ಎಂಟನೇ ಕ್ಲಾಸಿನ ಮೊಮ್ಮಗಳು. ಅವಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯಲ್ಲೂ ಫೋಲಿಕ್ ಆಮ್ಲ ಇದೆ.