ಹೈಸ್ಕೂಲಿನಲ್ಲಿ ಮೊದಲಿಗರು, ಕಾಲೇಜಿನಲ್ಲಿ ಅನುತ್ತೀರ್ಣರು: ರಾಮಾನುಜನ್ ಜೀವನದಿಂದ ಹೊಸ ವಿದ್ಯಾರ್ಥಿಗಳು ಕಲಿಯಬೇಕಾದದ್ದು



ನಿಮ್ಮಲ್ಲಿ ಹಲವರು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಿದ್ದೀರಿ. ಕೆಲವರಿಗೆ ಒಳ್ಳೆಯ ಅಂಕಗಳು ಬಂದಿವೆ. ಊರಿನಲ್ಲಿ ಸನ್ಮಾನವಾಗಿದೆ, ವಿದ್ಯಾರ್ಥಿವೇತನವೂ ಸಿಕ್ಕಿದೆ. ತಂದೆ ತಾಯಿಯರ ಸಂತೋಷ ಹೇಳತೀರದು. ಇಂಥ ಸಂದರ್ಭದಲ್ಲಿ ಕಾಲೇಜಿನಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾದ ಒಬ್ಬರ ಜೀವನ ಕಥೆಯನ್ನು ಹೇಳುವುದು ಸರಿಯೇ ಎಂದು ನೀವು ಕೇಳಬಹುದು. ಅವರು ಸಾಮಾನ್ಯರಲ್ಲ. ಜಗತ್ತೇ ಕೊಂಡಾಡುವ ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಅವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಆದರೆ ಹೈಸ್ಕೂಲಿನಿಂದ ಕಾಲೇಜಿಗೆ ಹೋದ ಆ ಒಂದು ವರ್ಷದಲ್ಲಿ ಅವರಿಗೆ ಏನಾಯಿತು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ನಿಮಗೆ ಈಗ ಬೇಕಾಗಿರುವುದು ಅದೇ ಭಾಗ.

ಬಡ ಮನೆಯ ಜಾಣ ಹುಡುಗ

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ತಮಿಳುನಾಡಿನ ಈರೋಡಿನಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತರು. ತಿಂಗಳಿಗೆ ಸುಮಾರು 20 ರೂಪಾಯಿ ಸಂಬಳ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಅಷ್ಟಿಷ್ಟು ಸಂಪಾದಿಸುತ್ತಿದ್ದರು. ಸಂಸಾರ ನಡೆಸಲು ಸಾಲದೆ ಮನೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಊಟ ವಸತಿಗೆ ಇಟ್ಟುಕೊಳ್ಳುತ್ತಿದ್ದರು.

1897ರಲ್ಲಿ ಪ್ರಾಥಮಿಕ ಪರೀಕ್ಷೆ ನಡೆದಾಗ ಈ ಹುಡುಗ ಇಡೀ ಜಿಲ್ಲೆಗೆ ಮೊದಲಿಗ. ಮರುವರ್ಷ ಟೌನ್ ಹೈಸ್ಕೂಲ್ ಸೇರಿದರು. ಮನೆಯಲ್ಲಿದ್ದ ಕಾಲೇಜು ಹುಡುಗರಿಗೆ ಗೊತ್ತಿದ್ದ ಗಣಿತವನ್ನೆಲ್ಲ ಸ್ವಲ್ಪ ಕಾಲದಲ್ಲೇ ಕಲಿತು ಮುಗಿಸಿದರು. ಲೋನಿ ಎಂಬವರ ತ್ರಿಕೋನಮಿತಿಯ ಪುಸ್ತಕವನ್ನು ಹದಿಮೂರರ ವಯಸ್ಸಿಗೆ ಅರಗಿಸಿಕೊಂಡರು. ಶಾಲೆಯ ಸುಮಾರು 1,200 ವಿದ್ಯಾರ್ಥಿಗಳನ್ನು 35 ಅಧ್ಯಾಪಕರಿಗೆ ಹಂಚುವ ವೇಳಾಪಟ್ಟಿಯ ಲೆಕ್ಕಾಚಾರಕ್ಕೂ ಅವರ ನೆರವು ಪಡೆಯುತ್ತಿದ್ದರು. 1904ರಲ್ಲಿ ಹೈಸ್ಕೂಲ್ ಮುಗಿಸಿದಾಗ ಗಣಿತಕ್ಕಾಗಿ ಇದ್ದ ರಂಗನಾಥ ರಾವ್ ಬಹುಮಾನ ಅವರದಾಯಿತು. ಮುಖ್ಯೋಪಾಧ್ಯಾಯರಾದ ಕೃಷ್ಣಸ್ವಾಮಿ ಅಯ್ಯರ್, ಈ ಹುಡುಗನಿಗೆ ನೂರಕ್ಕೆ ನೂರು ಕೊಟ್ಟರೂ ಸಾಲದು ಎಂಬರ್ಥದ ಮಾತುಗಳಿಂದ ಅವರನ್ನು ಸಭೆಗೆ ಪರಿಚಯಿಸಿದರು.

ಅಷ್ಟೇ ಅಲ್ಲ, ಕುಂಭಕೋಣಂನ ಸರಕಾರಿ ಕಾಲೇಜಿನಲ್ಲಿ ಓದಲು ವಿದ್ಯಾರ್ಥಿವೇತನವೂ ಸಿಕ್ಕಿತು. ಇದಕ್ಕಿಂತ ಒಳ್ಳೆಯ ಆರಂಭ ಯಾರಿಗೆ ಸಿಕ್ಕೀತು ಹೇಳಿ!

ಒಂದೇ ವರ್ಷದಲ್ಲಿ ಆದದ್ದು

ಆಗಿನ ಎಫ್.ಎ. ತರಗತಿ ಎಂದರೆ ಹೆಚ್ಚು ಕಡಿಮೆ ನಮ್ಮ ಈಗಿನ ಪಿಯುಸಿ. ಎರಡು ವರ್ಷದ ಓದು. ಗಣಿತದ ಜೊತೆಗೆ ಇಂಗ್ಲಿಷ್, ಸಂಸ್ಕೃತ, ಗ್ರೀಕ್ ಮತ್ತು ರೋಮನ್ ಇತಿಹಾಸ, ಶರೀರಶಾಸ್ತ್ರ ಇವೆಲ್ಲವನ್ನೂ ಓದಬೇಕು. ಎಲ್ಲದರಲ್ಲೂ ಪಾಸಾಗಬೇಕು.

ಕಾಲೇಜು ಸೇರುವ ಮೊದಲು, ಸುಮಾರು 1903ರಲ್ಲಿ, ಅವರ ಕೈಗೆ ಕಾರ್ ಎಂಬವರ ಒಂದು ಗಣಿತ ಗ್ರಂಥ ಸಿಕ್ಕಿತ್ತು. ಅದರಲ್ಲಿ ಸಾವಿರಾರು ಸೂತ್ರಗಳು ಸಾಲುಸಾಲಾಗಿ ಇದ್ದವು, ಸಾಧನೆಗಳು ಮಾತ್ರ ಬಹಳ ಕಡಿಮೆ. ರಾಮಾನುಜನ್ ಒಂದೊಂದನ್ನೂ ತಾವೇ ಸಾಧಿಸುತ್ತಾ ಹೋದರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ನಡೆಯುತ್ತಿದ್ದರೂ ಇತಿಹಾಸದ ಪಾಠ ನಡೆಯುತ್ತಿದ್ದರೂ ಅವರ ಕೈ ಗಣಿತವನ್ನೇ ಬರೆಯುತ್ತಿತ್ತು. ಹೈಸ್ಕೂಲಿನಲ್ಲಿ ಇಷ್ಟವಿಲ್ಲದ ವಿಷಯವನ್ನೂ ಅಧ್ಯಾಪಕರ ಒತ್ತಾಯಕ್ಕೆ, ಪರೀಕ್ಷೆಯ ಹೊತ್ತಿಗೆ ಓದಿಕೊಂಡು ದಾಟಬಹುದು. ಕಾಲೇಜಿನ ಪಠ್ಯ ಹಾಗೆ ದಾಟುವಂಥದ್ದಲ್ಲ.

ಪರಿಣಾಮ ಏನಾಯಿತು? ಇಂಗ್ಲಿಷ್ ಪ್ರಬಂಧ ರಚನೆಯಲ್ಲಿ ಅನುತ್ತೀರ್ಣರಾದರು. ವಿದ್ಯಾರ್ಥಿವೇತನ ರದ್ದಾಯಿತು. ತಾಯಿ ಸ್ವತಃ ಕಾಲೇಜಿಗೆ ಹೋಗಿ ಪ್ರಾಂಶುಪಾಲರನ್ನು ಕೇಳಿಕೊಂಡರೂ ಫಲವಿಲ್ಲ. ನಿಯಮ ನಿಯಮವೇ. ಇನ್ನು ಶುಲ್ಕ ಕಟ್ಟಿ ಓದಬೇಕು. ಆ ಹಣ ತಂದೆಯ ಒಂದು ತಿಂಗಳ ಸಂಬಳಕ್ಕೂ ಮೀರಿದ್ದು. ಕೆಲವು ತಿಂಗಳು ಹೇಗೋ ನಡೆಯಿತು. 1905ರ ಆಗಸ್ಟ್‌ನಲ್ಲಿ, ಹದಿನೇಳು ವರ್ಷದ ಹುಡುಗ ಯಾರಿಗೂ ಹೇಳದೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೊರಟುಹೋದ. ಮನೆಯವರು ಕಾಣೆಯಾದ ಮಗನನ್ನು ಹುಡುಕಲು ಪತ್ರಿಕೆಯ ಮೊರೆ ಹೋಗಬೇಕಾಯಿತು.

ಮಿತ್ರರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಂದು ವರ್ಷದ ಹಿಂದೆ ವೇದಿಕೆಯಲ್ಲಿ ಬಹುಮಾನ ಪಡೆದ ಹುಡುಗ ಈಗ ಮನೆಗೆ ಮುಖ ತೋರಿಸಲಾರದೆ ಓಡಿಹೋಗಿದ್ದಾನೆ. ಅವನ ಬುದ್ಧಿ ಕಡಿಮೆಯಾಗಿತ್ತೇ? ಖಂಡಿತ ಇಲ್ಲ. ಬದಲಾದದ್ದು ಅವನು ಓದುತ್ತಿದ್ದ ಜಾಗ. ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಿಂದ ಹಿಡಿದು ಎಲ್ಲರಿಗೂ ಅವನು ಗೊತ್ತಿದ್ದ. ಕಾಲೇಜಿಗೆ ಅವನು ಹಾಜರಿ ಪುಸ್ತಕದ ಒಂದು ಹೆಸರು ಮಾತ್ರ. ಹಿಂದೆ ಬಿದ್ದಾಗ ಕರೆದು ಕೇಳುವವರಿರಲಿಲ್ಲ. ಅವನೂ ಯಾರ ಬಳಿಗೂ ಹೋಗಿ ಹೇಳಲಿಲ್ಲ.

ಮತ್ತೆ ಪ್ರಯತ್ನ, ಮತ್ತೆ ಸೋಲು

1906ರಲ್ಲಿ ರಾಮಾನುಜನ್ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರು. ಅಲ್ಲಿ ಗಣಿತದ ಅಧ್ಯಾಪಕರು ಅವರ ನೋಟ್‌ಬುಕ್ ನೋಡಿ ಮೆಚ್ಚಿಕೊಂಡರು, ಬೆಂಬಲಿಸಿದರು. ಆದರೆ ಶರೀರಶಾಸ್ತ್ರ ಅವರಿಗೆ ಹಿಡಿಸಲೇ ಇಲ್ಲ. ನಡುವೆ ಆರೋಗ್ಯವೂ ಕೆಟ್ಟು ಊರಿಗೆ ಮರಳಬೇಕಾಯಿತು. ಆ ವರ್ಷದ ಕೊನೆಯಲ್ಲಿ ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. 1907ರಲ್ಲಿ ಪುನಃ ಕಟ್ಟಿ ಪುನಃ ಅನುತ್ತೀರ್ಣರಾದರು. ಅಲ್ಲಿಗೆ ಕಾಲೇಜು ಮುಗಿಯಿತು, ಪದವಿ ಇಲ್ಲ.

ಮುಂದಿನ ಕೆಲವು ವರ್ಷ ಬಹಳ ಕಷ್ಟದವು. ಟ್ಯೂಷನ್ ಹೇಳಲು ನೋಡಿದರು. ಆದರೆ ಪರೀಕ್ಷೆಗೆ ಬೇಕಾದಷ್ಟನ್ನೇ ಹೇಳಿಕೊಡುವುದು ಅವರಿಗೆ ಬಾರದು. 1909ರಲ್ಲಿ ಮದುವೆಯಾಯಿತು. 1910ರ ಆರಂಭದಲ್ಲಿ ಶಸ್ತ್ರಚಿಕಿತ್ಸೆ ಬೇಕಾದಾಗ ಮನೆಯಲ್ಲಿ ಹಣವಿಲ್ಲ. ವೈದ್ಯರೊಬ್ಬರು ಉಚಿತವಾಗಿ ಮಾಡಿದರು.

ಬಾಗಿಲು ತಟ್ಟಿದ ಮೇಲೆ

ಚೇತರಿಸಿಕೊಂಡ ಮೇಲೆ ರಾಮಾನುಜನ್ ನೋಟ್‌ಬುಕ್ಕುಗಳನ್ನು ಹಿಡಿದುಕೊಂಡು ಬಾಗಿಲಿಂದ ಬಾಗಿಲಿಗೆ ಹೋದರು. ಅವರ ಜೀವನ ತಿರುಗಿದ್ದು ಇಲ್ಲಿಂದ. ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯನ್ನು ಸ್ಥಾಪಿಸಿದ ವಿ. ರಾಮಸ್ವಾಮಿ ಅಯ್ಯರ್ ಆಗ ಡೆಪ್ಯುಟಿ ಕಲೆಕ್ಟರ್. ಅವರಲ್ಲಿಗೆ ಹೋಗಿ ಒಂದು ಗುಮಾಸ್ತೆ ಕೆಲಸ ಕೇಳಿದರು. ನೋಟ್‌ಬುಕ್ ನೋಡಿದ ಅಯ್ಯರ್, ಈ ಪ್ರತಿಭೆಯನ್ನು ಕಂದಾಯ ಇಲಾಖೆಯ ಕಡತಗಳಲ್ಲಿ ಹೂಳಬಾರದೆಂದು ಮದರಾಸಿನ ಗಣಿತದ ಮಿತ್ರರಿಗೆ ಪರಿಚಯ ಪತ್ರ ಕೊಟ್ಟು ಕಳಿಸಿದರು. ಒಬ್ಬರಿಂದ ಇನ್ನೊಬ್ಬರಿಗೆ, ಹಾಗೆ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರವರೆಗೆ ಹೋದರು. ಮೊದಲು ಅನುಮಾನಪಟ್ಟ ರಾವ್ ಅವರೇ ನಂತರ ತಮ್ಮ ಕೈಯಿಂದ ತಿಂಗಳ ಖರ್ಚು ಕೊಟ್ಟು ಸಲಹಿದರು.

1911ರಲ್ಲಿ ಅವರ ಮೊದಲ ಪ್ರಬಂಧ ಅದೇ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1912ರ ಮಾರ್ಚ್ ತಿಂಗಳಲ್ಲಿ ಮದರಾಸು ಪೋರ್ಟ್ ಟ್ರಸ್ಟ್‌ನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತರಾದರು. ಅಲ್ಲಿನ ಅಧಿಕಾರಿಗಳಾದ ನಾರಾಯಣ ಅಯ್ಯರ್ ಮತ್ತು ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರನ್ನು ಪ್ರೋತ್ಸಾಹಿಸಿದರು. ಇಂಗ್ಲೆಂಡಿನ ಪ್ರಾಧ್ಯಾಪಕರಿಗೆ ಪತ್ರ ಬರೆದರು. ಕೇಂಬ್ರಿಜ್‌ನ ಇಬ್ಬರಿಂದ ಸಹಾಯ ಸಿಗಲಿಲ್ಲ. ಅಷ್ಟಕ್ಕೇ ಬಿಡದೆ 1913ರ ಜನವರಿ 16ರಂದು ಜಿ.ಎಚ್. ಹಾರ್ಡಿಯವರಿಗೆ ಬರೆದರು. ತಾವು ವಿಶ್ವವಿದ್ಯಾಲಯದ ಶಿಕ್ಷಣ ಪಡೆದವರಲ್ಲ ಎಂಬುದನ್ನು ಮುಚ್ಚಿಡದೆ ಮೊದಲಲ್ಲೇ ತಿಳಿಸಿದರು. ಹಾರ್ಡಿ ಅವರನ್ನು ಗುರುತಿಸಿದರು. ಅದೇ ವರ್ಷ ಮದರಾಸು ವಿಶ್ವವಿದ್ಯಾಲಯ ಪದವಿ ಇಲ್ಲದ ಈ ಗುಮಾಸ್ತರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಮಂಜೂರು ಮಾಡಿತು. 1914ರಲ್ಲಿ ಅವರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. 1916ರಲ್ಲಿ ಕೇಂಬ್ರಿಜ್ ಸಂಶೋಧನೆಗಾಗಿ ಬಿ.ಎ. ಪದವಿ ನೀಡಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಕೂಡ ಆದರು.

ಇಂಗ್ಲೆಂಡಿನಲ್ಲಿ ನಡೆದ ಒಂದು ಚಿಕ್ಕ ಘಟನೆಯನ್ನು ಹಾಸ್ಟೆಲ್ ಸೇರಿದ ನೀವು ನೆನಪಿಡಬೇಕು. ಆಗ ಕೇಂಬ್ರಿಜ್‌ನಲ್ಲೇ ಓದುತ್ತಿದ್ದ ಪಿ.ಸಿ. ಮಹಲನೋಬಿಸ್ ಒಮ್ಮೆ ಅವರ ಕೋಣೆಗೆ ಹೋದಾಗ, ರಾತ್ರಿ ಚಳಿಯಿಂದ ನಡುಗುತ್ತಿರುವ ವಿಷಯ ತಿಳಿಯಿತು. ಹಾಸಿಗೆಯಲ್ಲಿ ಕಂಬಳಿಗಳು ಬೇಕಾದಷ್ಟಿದ್ದವು. ಆದರೆ ಅವುಗಳನ್ನು ಅಲ್ಲಿನ ಪದ್ಧತಿಯಂತೆ ಬಿಗಿಯಾಗಿ ಸಿಕ್ಕಿಸಿ ಹಾಸಿದ್ದರಿಂದ, ಕಂಬಳಿಗಳ ಒಳಗೆ ಮಲಗಬೇಕೆಂಬುದು ರಾಮಾನುಜನ್ ಅವರಿಗೆ ತಿಳಿದಿರಲಿಲ್ಲ. ಅವರು ಮೇಲೆಯೇ ಮಲಗುತ್ತಿದ್ದರು. ಮಹಲನೋಬಿಸ್ ತೋರಿಸಿಕೊಟ್ಟ ಮೇಲೆ ಸಮಸ್ಯೆ ತೀರಿತು. ಎಂಥ ಕಠಿಣ ಲೆಕ್ಕವನ್ನೂ ಬಿಡಿಸಬಲ್ಲ ವ್ಯಕ್ತಿಗೂ ಹೊಸ ಜಾಗದಲ್ಲಿ ಇಂಥ ಸಣ್ಣ ವಿಷಯ ಗೊತ್ತಿರುವುದಿಲ್ಲ. ಕೇಳಿದರೆ ಅವಮಾನವಿಲ್ಲ. ಕೇಳದಿದ್ದರೆ ಚಳಿಯಲ್ಲಿ ನಡುಗಬೇಕು.

ಶುದ್ಧ ಸಸ್ಯಾಹಾರಿಗಳಾದ ಅವರು ಯುದ್ಧದ ಕಾಲದಲ್ಲಿ ತಾವೇ ಅಡುಗೆ ಮಾಡಿಕೊಂಡು, ಹೊತ್ತು ಗೊತ್ತಿಲ್ಲದೆ ದುಡಿದರು. 1917ರಲ್ಲಿ ತೀವ್ರ ಅನಾರೋಗ್ಯಕ್ಕೆ ಒಳಗಾದರು. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 32 ವರ್ಷ. ಅವರ ಜನ್ಮದಿನವನ್ನು 2012ರಿಂದ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸಲಾಗುತ್ತಿದೆ.

ತಪ್ಪು ಪಾಠ ಮತ್ತು ಸರಿಯಾದ ಪಾಠ

ರಾಮಾನುಜನ್ ಕೂಡ ಫೇಲಾಗಿರಲಿಲ್ಲವೇ ಎಂದು ಹೇಳಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಅದು ತಪ್ಪು ಪಾಠ. ಲೆಕ್ಕ ಹಾಕಿ ನೋಡಿ. 1904ರಿಂದ 1910ರವರೆಗೆ ಆರು ವರ್ಷ ಅವರು ಮಾರ್ಗದರ್ಶನ ಇಲ್ಲದೆ, ಆದಾಯ ಇಲ್ಲದೆ ಅಲೆದರು. ಬದುಕಿದ್ದು 32 ವರ್ಷ ಮಾತ್ರ. ಆ ಅವಧಿಯಲ್ಲೂ ಅವರು ಗಣಿತ ಬಿಡಲಿಲ್ಲ, ನಿಜ. ಆದರೆ ಯುರೋಪಿನಲ್ಲಿ ಬೇರೆಯವರು ಆಗಲೇ ಕಂಡುಹಿಡಿದಿದ್ದ ಹಲವು ಫಲಿತಾಂಶಗಳನ್ನು, ಅದು ತಿಳಿಯದೆ, ಪುನಃ ಕಂಡುಹಿಡಿಯುವುದರಲ್ಲಿ ಅವರ ಶ್ರಮ ಹೋಯಿತು. ಹೇಳುವ ಗುರು, ಓದಲು ಹೊಸ ಪುಸ್ತಕ ಸಿಕ್ಕಿದ್ದರೆ ಎಷ್ಟು ಮುಂದೆ ಹೋಗುತ್ತಿದ್ದರೋ!

ಹಾಗಾದರೆ ಸರಿಯಾದ ಪಾಠ ಯಾವುದು? ಮೊದಲನೆಯದು, ಇಷ್ಟದ ವಿಷಯ ನಿಮ್ಮನ್ನು ಬೆಳೆಸುತ್ತದೆ, ಆದರೆ ಇಷ್ಟವಿಲ್ಲದ ವಿಷಯ ನಿಮ್ಮನ್ನು ತಡೆದು ನಿಲ್ಲಿಸಬಲ್ಲದು. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯಗಳಿವೆ. ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನೇ ತೆಗೆದುಕೊಂಡಿರಿ, ಯಾವ ವಿಷಯ ಕಷ್ಟವೋ ಅದಕ್ಕೆ ದಿನದ ಮೊದಲ ಒಂದು ಗಂಟೆ ಕೊಡಿ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪಠ್ಯ ಮೊದಲ ತಿಂಗಳುಗಳಲ್ಲಿ ಗೋಡೆಯಂತೆ ಕಾಣುತ್ತದೆ. ರಾಮಾನುಜನ್ ಅವರನ್ನು ಕೆಡವಿದ್ದೂ ಅದೇ ಇಂಗ್ಲಿಷ್. ದಿನಕ್ಕೆ ಒಂದು ಪುಟವನ್ನು ಅರ್ಥ ಹುಡುಕಿ ಓದಿ, ಐದು ವಾಕ್ಯ ಸ್ವಂತವಾಗಿ ಬರೆದು ಉಪನ್ಯಾಸಕರಿಗೆ ತೋರಿಸಿ.

ಎರಡನೆಯದು, ಕಾಲೇಜಿನಲ್ಲಿ ಯಾರೂ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನೀವೇ ಹೋಗಬೇಕು. ಮೊದಲ ತಿಂಗಳಲ್ಲೇ ಒಬ್ಬ ಉಪನ್ಯಾಸಕರಿಗಾದರೂ ನಿಮ್ಮ ಹೆಸರು, ಊರು, ಕಷ್ಟ ತಿಳಿದಿರಲಿ. ನೋಟ್‌ಬುಕ್ ಮುಚ್ಚಿಟ್ಟುಕೊಂಡಷ್ಟು ಕಾಲ ರಾಮಾನುಜನ್ ಒಂಟಿ. ಅದನ್ನು ತೆರೆದು ತೋರಿಸಿದಾಗಲೆಲ್ಲ ಯಾರಾದರೊಬ್ಬರು ಕೈಹಿಡಿದಿದ್ದಾರೆ.

ಮೂರನೆಯದು, ಅಂಕ ಕಡಿಮೆಯಾದರೆ ಆ ದಿನವೇ ಮನೆಯಲ್ಲಿ ಹೇಳಿ. ಬೈಗುಳ ಒಂದು ದಿನದ್ದು. ಮುಚ್ಚಿಟ್ಟರೆ ಹೊರೆ ದಿನದಿನಕ್ಕೆ ಬೆಳೆಯುತ್ತದೆ. ಊಟ, ನಿದ್ದೆಗಳನ್ನೂ ಕಡೆಗಣಿಸಬೇಡಿ.

ಸದಸ್ಯರಲ್ಲೊಂದು ವಿನಂತಿ

ಕೊನೆಯ ಮಾತು ಸಂಘದ ಹಿರಿಯ ಸದಸ್ಯರಿಗೆ. ರಾಮಾನುಜನ್ ಅವರಿಗೆ ವಿದ್ಯಾರ್ಥಿವೇತನ ಕೊಡುವವರಿದ್ದರು, ಕಿತ್ತುಕೊಳ್ಳುವ ನಿಯಮವೂ ಇತ್ತು. ನಡುವೆ ವಿಚಾರಿಸುವ ಒಬ್ಬರು ಇರಲಿಲ್ಲ. ನಾವೂ ಸಭೆ ಕರೆದು ಚೆಕ್ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಮೊದಲ ಪರೀಕ್ಷೆಯ ನಂತರ ಆ ಮಗು ಹೇಗೆ ಓದುತ್ತಿದೆ ಎಂದು ಕೇಳುವವರು ಎಷ್ಟು ಮಂದಿ? ಒಬ್ಬೊಬ್ಬ ಸದಸ್ಯರು ಐದೈದು ವಿದ್ಯಾರ್ಥಿಗಳ ಹೊಣೆ ಹೊತ್ತು, ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಿದರೆ ಹಣ ಖರ್ಚಾಗುವುದಿಲ್ಲ. ಒಂದು ಮಗು ಹಾದಿಯಲ್ಲಿ ನಿಲ್ಲುವುದು ತಪ್ಪುತ್ತದೆ.

ವಿದ್ಯಾರ್ಥಿಗಳೇ, ಹೊಸ ಜಾಗಕ್ಕೆ ಬಂದಿದ್ದೀರಿ. ಎಡವುವುದು ಸಹಜ. ಎಡವಿದ ವಾರವೇ ಒಬ್ಬರ ಬಳಿ ಹೋಗಿ ಹೇಳಿ. ರಾಮಾನುಜನ್ ಅವರಿಗೆ ಆ ಬಾಗಿಲು ಸಿಗಲು ಆರು ವರ್ಷ ಬೇಕಾಯಿತು. ನಿಮಗೆ ಅಷ್ಟು ಕಾಲ ಬೇಕಾಗದಿರಲಿ.