ಮೆಕ್ಯಾನಿಕಲ್ ಸೇರಿ ಕ್ಯಾಮೆರಾ ಹಿಡಿದ ಆಲ್ಫ್ರೆಡ್ ಸ್ಟೀಗ್ಲಿಟ್ಸ್

ಫೆಸ್ಟ್ ಬಂದ್ರೆ ಸಾಕು, ನಮ್ಮ ಕ್ಯಾಂಪಸ್ಸಿನಲ್ಲಿ ಕುತ್ತಿಗೆಗೆ ಕ್ಯಾಮೆರಾ ಹಾಕ್ಕೊಂಡು ಓಡಾಡೋರಿಗೆ ಲೆಕ್ಕವೇ ಇಲ್ಲ. ಆದ್ರೆ ಫೋಟೋ ಕೂಡ ಒಂದು ಕಲೆ ಅಂತ ಜಗತ್ತನ್ನು ಒಪ್ಪಿಸಿದವರಲ್ಲಿ ಒಬ್ಬರು ಮೆಕ್ಯಾನಿಕಲ್ ವಿದ್ಯಾರ್ಥಿ ಆಗಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಹುಟ್ಟಿದ್ದು 1864ರಲ್ಲಿ, ಅಮೆರಿಕದ ಹೊಬೋಕೆನ್‌ನಲ್ಲಿ. ತಂದೆ ತಾಯಿ ಜರ್ಮನಿಯಿಂದ ವಲಸೆ ಬಂದವರು. ಮಕ್ಕಳು ಅಲ್ಲೇ ಓದಲಿ ಅಂತ 1881ರಲ್ಲಿ ಕುಟುಂಬ ಜರ್ಮನಿಗೆ ಮರಳಿತು. ಆಲ್ಫ್ರೆಡ್ ಬರ್ಲಿನ್ನಿನ ತಾಂತ್ರಿಕ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದರು. ಅಲ್ಲಿ ಹೆರ್ಮನ್ ವೋಗೆಲ್ ಅನ್ನೋ ಪ್ರೊಫೆಸರ್ ಫೋಟೋಗ್ರಫಿಯ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಆಗಿನ ಫೋಟೋ ಪ್ಲೇಟುಗಳಿಗೆ ನೀಲಿ ಬೆಳಕೇ ಹೆಚ್ಚು ಕಾಣುತ್ತಿತ್ತು. ಅದಕ್ಕೆ ಬಣ್ಣದ ಡೈ ಸೇರಿಸಿದರೆ ಹಸಿರೂ ದಾಖಲಾಗುತ್ತೆ ಅಂತ 1873ರಲ್ಲಿ ಕಂಡುಹಿಡಿದವರು ಇವರೇ. ಆ ಕ್ಲಾಸಿಗೆ ಹೋದ ಆಲ್ಫ್ರೆಡ್ ಒಂದು ಕ್ಯಾಮೆರಾ ಕೊಂಡರು. ಆಮೇಲೆ ಮೆಕ್ಯಾನಿಕಲ್ ಹಿಂದೆ ಬಿತ್ತು.

ಕತ್ತಲೆಯಲ್ಲಿ ಫೋಟೋ ಆಗಲ್ಲ ಅಂತ ಯಾರೋ ಹೇಳಿದ್ದಕ್ಕೆ, ನೆಲಮಾಳಿಗೆಯಲ್ಲಿದ್ದ ಡೈನಮೋ ಮುಂದೆ ಕ್ಯಾಮೆರಾ ಇಟ್ಟು, ಒಂದೇ ಬಲ್ಬಿನ ಬೆಳಕಲ್ಲಿ 24 ಗಂಟೆ ಎಕ್ಸ್‌ಪೋಶರ್ ಕೊಟ್ಟು ಫೋಟೋ ತೆಗೆದರಂತೆ. ಮುಂದೆ ಅವರೇ ಹೇಳಿಕೊಂಡ ಕಥೆ ಇದು.

ಲ್ಯಾಬ್ ಕೆಲಸ ಕಲಿಸೋಕೆ ವೋಗೆಲ್ ಇದ್ದರು. ಆದರೆ ಯಾವುದನ್ನು ತೆಗೀಬೇಕು, ಯಾವ ಬೆಳಕಿಗೆ ಕಾಯಬೇಕು ಅನ್ನೋದಕ್ಕೆ ಸಿಲಬಸ್ ಇರಲಿಲ್ಲ. ಪುಸ್ತಕ ಓದಿ, ಜರ್ಮನಿ, ಇಟಲಿ, ಹಾಲೆಂಡ್ ಸುತ್ತಿ, ಹಳ್ಳಿಯ ಜನರ ಫೋಟೋ ತೆಗೆದು ಅದನ್ನು ತಾವೇ ಕಲಿತರು. 1887ರಲ್ಲಿ ಲಂಡನ್ನಿನ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಎಂಜಿನಿಯರಿಂಗ್ ಡಿಗ್ರಿ ಮಾತ್ರ ಮುಗಿಸಲೇ ಇಲ್ಲ.

1890ರಲ್ಲಿ ನ್ಯೂಯಾರ್ಕಿಗೆ ವಾಪಸ್ ಬಂದಾಗ ನಿಜವಾದ ಪರೀಕ್ಷೆ ಶುರುವಾಯ್ತು. ಬಟನ್ ಒತ್ತಿದರೆ ಮಷೀನೇ ಎಲ್ಲ ಮಾಡುತ್ತೆ, ಇದರಲ್ಲಿ ಕಲೆ ಎಲ್ಲಿ ಬಂತು ಅನ್ನೋದು ಬಹಳ ಜನರ ವಾದ. 1893ರ ಫೆಬ್ರವರಿಯಲ್ಲಿ ಹಿಮ ಸುರಿಯೋವಾಗ ಅವರು ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಸುಮಾರು ಮೂರು ಗಂಟೆ ನಿಂತು, ಸರಿಯಾದ ಕ್ಷಣ ಬಂದಾಗ ಕುದುರೆ ಗಾಡಿಯ ಫೋಟೋ ತೆಗೆದರು. ಕ್ಯಾಮೆರಾ ತಾನಾಗೇ ಹಾಗೆ ಕಾಯಲ್ಲ ಅಲ್ವಾ?

1903ರಲ್ಲಿ ಕ್ಯಾಮೆರಾ ವರ್ಕ್ ಪತ್ರಿಕೆ, 1905ರಲ್ಲಿ ಒಂದು ಗ್ಯಾಲರಿ ಶುರು ಮಾಡಿದರು. ಮೊದಲು ಸುಮಾರು ಸಾವಿರ ಚಂದಾದಾರರಿದ್ದ ಪತ್ರಿಕೆಗೆ ಕೊನೆಗೆ 40 ಜನವೂ ಉಳಿಯಲಿಲ್ಲ. 1917ರಲ್ಲಿ ಎರಡೂ ಮುಚ್ಚಿದವು.

ಆದರೂ ಅವರು ಸೋಲಲಿಲ್ಲ. 1924ರಲ್ಲಿ ಬಾಸ್ಟನ್ನಿನ ಕಲಾ ಮ್ಯೂಸಿಯಂ ಅವರ 27 ಫೋಟೋಗಳನ್ನು ಕಲಾಕೃತಿಗಳೆಂದೇ ಸೇರಿಸಿಕೊಂಡಿತು. ಅದಕ್ಕೆ ಕಾರಣರಾದವರು ಅಲ್ಲಿ ಭಾರತೀಯ ಕಲೆಯ ವಿಭಾಗ ನೋಡಿಕೊಳ್ಳುತ್ತಿದ್ದ ಆನಂದ ಕುಮಾರಸ್ವಾಮಿ!

ಸ್ಟೀಗ್ಲಿಟ್ಸ್ ತೀರಿಕೊಂಡಿದ್ದು 1946ರಲ್ಲಿ. ಬಿಡುವಾದಾಗ ಆ ಹಿಮದ ಫೋಟೋ ಹುಡುಕಿ ನೋಡಿ. ಹೆಸರು ವಿಂಟರ್, ಫಿಫ್ತ್ ಅವೆನ್ಯೂ.