ಹಲ್ಲಿನ ಒಗಟು ಬಿಡಿಸಿದ ವೈದ್ಯ: ಗಿಡಿಯನ್ ಮ್ಯಾಂಟೆಲ್

ಮಕ್ಕಳೇ, ಒಂದು ಪ್ರಾಣಿಯ ಹಲ್ಲು ಮಾತ್ರ ನಿಮಗೆ ಸಿಕ್ಕಿದೆ ಎಂದುಕೊಳ್ಳಿ. ಆ ಪ್ರಾಣಿ ಯಾವುದು, ಅದು ಏನನ್ನು ತಿನ್ನುತ್ತಿತ್ತು ಎಂದು ಹೇಳಬಲ್ಲಿರಾ? ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ವೈದ್ಯರೊಬ್ಬರಿಗೆ ಇದೇ ಒಗಟು ಎದುರಾಯಿತು.

ಗಿಡಿಯನ್ ಮ್ಯಾಂಟೆಲ್ 1790ರಲ್ಲಿ ಸಸೆಕ್ಸ್ ಪ್ರಾಂತ್ಯದ ಲೂಯಿಸ್ ಎಂಬ ಊರಿನಲ್ಲಿ ಜನಿಸಿದರು. ತಂದೆಯದು ಪಾದರಕ್ಷೆ ತಯಾರಿಸುವ ಕಸುಬು. ಮಗ ಓದಿ ವೈದ್ಯನಾದ. ರೋಗಿಗಳನ್ನು ನೋಡಿ ಬಿಡುವಾದಾಗಲೆಲ್ಲ ಮ್ಯಾಂಟೆಲ್ ಪಳೆಯುಳಿಕೆಗಳನ್ನು ಹುಡುಕುತ್ತಿದ್ದರು. ಪತ್ನಿ ಮೇರಿ ಆನ್ ಅವರ ಪುಸ್ತಕಕ್ಕೆ ಪಳೆಯುಳಿಕೆಗಳ ಚಿತ್ರಗಳನ್ನು ಸಿದ್ಧಪಡಿಸಿದರು.

ಕಲ್ಲುಗಣಿಯೊಂದರ ಬಂಡೆಗಳಲ್ಲಿ ಅವರಿಗೆ ವಿಚಿತ್ರವಾದ ಹಲ್ಲುಗಳು ದೊರೆತವು. ಕೆಲವು ಎಲೆಯ ಆಕಾರದ ಹೊಸ ಹಲ್ಲುಗಳು. ಅವುಗಳ ಅಂಚಿನಲ್ಲಿ ಗರಗಸದಂತಹ ಕಚ್ಚುಗಳಿದ್ದವು. ಇನ್ನು ಕೆಲವು ಸವೆದು ಚಪ್ಪಟೆಯಾಗಿದ್ದವು. ನೋಡಿದರೆ ಬೇರೆ ಬೇರೆ ಪ್ರಾಣಿಗಳವು ಎನಿಸುತ್ತಿತ್ತು. ಆದರೆ ಅರ್ಧ ಸವೆದವನ್ನು ನಡುವೆ ಜೋಡಿಸಿದಾಗ ಎಲ್ಲವೂ ಒಂದೇ ಬಗೆಯ ಪ್ರಾಣಿಯವು ಎಂದು ತಿಳಿಯಿತು. ಹಲ್ಲು ಹೀಗೆ ಸವೆಯಬೇಕಾದರೆ ಆ ಪ್ರಾಣಿ ಸೊಪ್ಪುಸದೆಯನ್ನು ಅಗಿಯುತ್ತಿದ್ದಿರಬೇಕು!

ಇಲ್ಲೇ ತೊಡಕು ಬಂದಿತು. ಅಷ್ಟು ಹಳೆಯ ಬಂಡೆಗಳಲ್ಲಿ ದೊಡ್ಡ ಸಸ್ತನಿಗಳು ಸಿಕ್ಕಿರಲಿಲ್ಲ. ಸರೀಸೃಪ ಎನ್ನೋಣವೆಂದರೆ, ಹೀಗೆ ಅಗಿದು ತಿನ್ನುವ ಸರೀಸೃಪವನ್ನು ಯಾರೂ ಕಂಡಿರಲಿಲ್ಲ. 1822ರಲ್ಲಿ ಲಂಡನ್ನಿನ ವಿದ್ವಾಂಸರು ಇದಕ್ಕೆ ಮಹತ್ವ ಕೊಡಲಿಲ್ಲ. 1823ರಲ್ಲಿ ಪ್ಯಾರಿಸ್ಸಿನ ಮಹಾ ವಿಜ್ಞಾನಿ ಕ್ಯುವಿಯೆ ಅದು ಖಡ್ಗಮೃಗದ ಹಲ್ಲು ಎಂದುಬಿಟ್ಟರು. ಅಂಥವರೇ ಹೇಳಿದ ಮೇಲೆ ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರೇನೋ. ಮ್ಯಾಂಟೆಲ್ ಸುಮ್ಮನಾಗಲಿಲ್ಲ, ಮತ್ತಷ್ಟು ಹಲ್ಲುಗಳನ್ನು ಸಂಗ್ರಹಿಸಿದರು. 1824ರಲ್ಲಿ ಕ್ಯುವಿಯೆ ಕೂಡ ಅದು ಸಸ್ಯಾಹಾರಿ ಸರೀಸೃಪವಿರಬಹುದೆಂದು ಒಪ್ಪಿದರು.

ಮ್ಯಾಂಟೆಲ್ ಲಂಡನ್ನಿನ ಸಂಗ್ರಹಾಲಯವೊಂದಕ್ಕೆ ಹೋಗಿ ಹಲ್ಲುಗಳನ್ನು ಹೋಲಿಸಿ ನೋಡಿದರು. ಅಲ್ಲಿನ ಸ್ಯಾಮ್ಯುಯೆಲ್ ಸ್ಟಚ್‌ಬರಿ ಎಂಬುವರು ಅಮೆರಿಕ ಖಂಡದ ಇಗ್ವಾನ ಎಂಬ ದೊಡ್ಡ ಹಲ್ಲಿಯನ್ನು ತೋರಿಸಿದರು. ಅದು ಸೊಪ್ಪು ತಿನ್ನುವ ಪ್ರಾಣಿ. ಅದರ ಪುಟ್ಟ ಹಲ್ಲುಗಳೂ ಅದೇ ಆಕಾರದಲ್ಲಿದ್ದವು! 1825ರಲ್ಲಿ ಮ್ಯಾಂಟೆಲ್ ತಮ್ಮ ಪ್ರಾಣಿಗೆ ಇಗ್ವಾನೊಡಾನ್, ಅಂದರೆ ಇಗ್ವಾನದ ಹಲ್ಲಿನದು, ಎಂದು ಹೆಸರಿಟ್ಟರು. ಡೈನೊಸಾರ್ ಎಂಬ ಪದ ಹುಟ್ಟಿದ್ದು ಆಮೇಲೆ, 1842ರಲ್ಲಿ.

ಅವರ ಎಲ್ಲ ಊಹೆಗಳೂ ಸರಿಯಾಗಲಿಲ್ಲ. ಮೂಗಿನ ಮೇಲಿನ ಕೊಂಬು ಎಂದು ಅವರು ಭಾವಿಸಿದ್ದ ಮೂಳೆ ನಿಜವಾಗಿ ಹೆಬ್ಬೆರಳಿನ ಮುಳ್ಳು. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ದೊರೆತ ಮೇಲೆ ಇದು ಖಚಿತವಾಯಿತು. ಅದನ್ನು ಕಾಣಲು ಮ್ಯಾಂಟೆಲ್ ಇರಲಿಲ್ಲ. 1841ರಲ್ಲಿ ಗಾಡಿ ಅಪಘಾತದಿಂದ ಬೆನ್ನಿಗೆ ಪೆಟ್ಟಾಗಿ, ನೋವಿನಲ್ಲೇ ಕೆಲಸ ಮುಂದುವರಿಸಿದ ಅವರು 1852ರಲ್ಲಿ ತೀರಿಕೊಂಡರು. ಆದರೆ ಹಲ್ಲು ಹೇಳಿದ ಮುಖ್ಯ ಮಾತು ಸುಳ್ಳಾಗಲಿಲ್ಲ: ಅದು ಸೊಪ್ಪು ತಿನ್ನುವ ಸರೀಸೃಪವೇ ಆಗಿತ್ತು.

ನಿಮ್ಮೂರಿನ ಮೇಕೆ ಎಲೆ ಅಗಿಯುವುದನ್ನೂ ನಾಯಿ ಆಕಳಿಸುವುದನ್ನೂ ದೂರದಿಂದಲೇ ಗಮನಿಸಿ. ಅವುಗಳ ಹಲ್ಲುಗಳು ನಿಮಗೆ ಏನು ಹೇಳುತ್ತವೆ?